ಮೈಸೂರಿನ ಹಳೇ ರಸ್ತೆಯಲ್ಲಿ ಎರಡು ದಿನ: ಇಬ್ಬರು, ಒಂದು ಬೈಕು, ಎಲ್ಲೆಲ್ಲಿ ನಿಲ್ಲಬಹುದು?

ಪ್ರಶ್ನೆ: ದಾರಿಹೋಕಳು

ನಮಸ್ಕಾರ. ನಾನು ಮತ್ತು ನನ್ನ ಪತಿ ರಾಜರಾಜೇಶ್ವರಿನಗರಕ್ಕೆ ಬಂದು ಒಂಬತ್ತು ವರ್ಷವಾಯಿತು. ಅತ್ತೆ ಮಾವ ಮೈಸೂರಿನಲ್ಲಿರುವುದರಿಂದ ತಿಂಗಳಿಗೊಮ್ಮೆಯಾದರೂ ಆ ದಾರಿಯಲ್ಲಿ ಓಡಾಡುತ್ತೇವೆ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ನಮ್ಮ ಪ್ರಯಾಣ ಒಂದೂವರೆ ಗಂಟೆಗೆ ಇಳಿದಿದೆ, ಜೊತೆಗೆ ದಾರಿಯೂ ಮಾಯವಾಗಿದೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂಬ ಹೆಸರುಗಳು ಫಲಕಗಳ ಮೇಲೆ ಬಂದು ಹೋಗುತ್ತವೆಯೇ ಹೊರತು ಒಂದು ಊರಿನ ಬೀದಿಯೂ ಕಣ್ಣಿಗೆ ಬೀಳುವುದಿಲ್ಲ. ಮೊದಲೆಲ್ಲ ಜಗಳವಾಡಿಕೊಂಡು ಹೊರಟವರು ಮದ್ದೂರಿನಲ್ಲಿ ಕಾಫಿಗೆ ಇಳಿಯುವ ಹೊತ್ತಿಗೆ ರಾಜಿಯಾಗಿರುತ್ತಿದ್ದೆವು. ಈಗ ಜಗಳದ ಸಮೇತ ಅತ್ತೆಯ ಮನೆ ತಲುಪುತ್ತಿದ್ದೇವೆ.

ಆದ್ದರಿಂದ ಬರುವ ಫೆಬ್ರವರಿಯ ಒಂದು ಶನಿವಾರ ಮತ್ತು ಭಾನುವಾರ ಕಾರನ್ನು ಮನೆಯಲ್ಲೇ ಬಿಟ್ಟು, ಹಳೆಯ ಬೈಕಿನಲ್ಲಿ, ಹಳೆಯ ರಸ್ತೆಯಲ್ಲೇ ಹೋಗುವುದೆಂದು ತೀರ್ಮಾನಿಸಿದ್ದೇವೆ. 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದಿರುವುದರಿಂದ, ನಡುದಾರಿಯಲ್ಲಿ ಮನಸ್ಸು ಬದಲಾಯಿಸಿ ಮೇಲೆ ಹತ್ತಿಬಿಡುವ ಅವಕಾಶವೂ ನಮಗಿಲ್ಲ, ಅದೇ ಒಳ್ಳೆಯದು.

ನೋಡಲೇಬೇಕಾದ ಸ್ಥಳಗಳ ಪಟ್ಟಿ ನಮಗೆ ಬೇಡ. ಅರಮನೆ, ಚಾಮುಂಡಿಬೆಟ್ಟ, ಕನ್ನಂಬಾಡಿ, ಬಿಡದಿಯ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ, ಇವೆಲ್ಲ ಬಾಯಿಪಾಠವಾಗಿವೆ. ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, "ಅರೆ, ಇದೇಕೆ ಇಲ್ಲಿದೆ?" ಎಂದು ಇಬ್ಬರೂ ಒಟ್ಟಿಗೆ ಕೇಳಿಕೊಳ್ಳುವಂಥ ಜಾಗಗಳು ಬೇಕು. ನನಗೆ ಹಕ್ಕಿಗಳ ಹುಚ್ಚಿದೆ. ಅವರಿಗೆ ಯಂತ್ರ, ಸೇತುವೆ, ಕೈಕೆಲಸ ಎಂದರೆ ಊಟ ಬೇಡ. ಇಬ್ಬರಿಗೂ ಬೆಟ್ಟ ಹತ್ತುವ ಮಂಡಿ ಉಳಿದಿಲ್ಲ. ದಾರಿಯಲ್ಲಿ ಒಂದು ರಾತ್ರಿ ತಂಗುವುದಕ್ಕೂ ಸಿದ್ಧರಿದ್ದೇವೆ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಹಳೇ ಬಸ್ಸಿನ ಪ್ರಯಾಣಿಕ

ಈ ರಸ್ತೆಯಲ್ಲಿ ಕೆಂಪು ಬಸ್ಸಿನ ಕಿಟಕಿ ಪಕ್ಕ ಕೂತು ಇಪ್ಪತ್ತಾರು ವರ್ಷ ನೌಕರಿಗಾಗಿ ಓಡಾಡಿದವನು ನಾನು. ನಿವೃತ್ತನಾದ ಮೇಲೆ, ಕಿಟಕಿಯಿಂದ ನೋಡಿ ದಾಟಿದ್ದ ಜಾಗಗಳಲ್ಲಿ ಒಂದೊಂದಾಗಿ ಇಳಿದು ನೋಡಿದ್ದೇನೆ. ಮೊದಲ ಅರವತ್ತು ಕಿಲೋಮೀಟರಿನ ಮಟ್ಟಿಗೆ ನನ್ನ ಮಾತನ್ನು ನಂಬಬಹುದು.

ರಾಮನಗರವನ್ನು ಬಂಡೆಗಳ ಊರೆಂದು, ಹಿಂದಿ ಸಿನಿಮಾದ ಊರೆಂದು ದಾಟಿಬಿಡುವವರೇ ಹೆಚ್ಚು. ನೀವು ಬೆಳಿಗ್ಗೆ ಬೇಗ ಹೊರಟು ಅಲ್ಲಿನ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ. ಪ್ರವಾಸಿಗಳಿಗಾಗಿ ಇರುವ ಜಾಗ ಅದಲ್ಲ, ಆದ್ದರಿಂದ ಕಚೇರಿಯಲ್ಲಿ ಒಂದು ಮಾತು ಕೇಳಿಕೊಂಡು ಒಳಗೆ ಹೋಗುವುದು ಮರ್ಯಾದೆ. ಉದ್ದನೆಯ ಹಜಾರದಲ್ಲಿ ಸಾಲುಸಾಲು ತಟ್ಟೆಗಳು, ಒಂದೊಂದರಲ್ಲೂ ಒಬ್ಬ ರೈತನ ಇಡೀ ತಿಂಗಳ ದುಡಿಮೆ. ಹಳದಿ ಬಣ್ಣದ್ದು ಮಿಶ್ರತಳಿ, ಬೆಳ್ಳಗಿರುವುದು ದ್ವಿತಳಿ. ನೂಲು ಬಿಚ್ಚುವವರು ತಟ್ಟೆಯಿಂದ ತಟ್ಟೆಗೆ ನಡೆಯುತ್ತ ಒಂದು ಹಿಡಿ ಗೂಡನ್ನೆತ್ತಿ, ಕಿವಿಯ ಬಳಿ ಅಲುಗಾಡಿಸಿ, ಹೆಬ್ಬೆರಳಿನಿಂದ ಒತ್ತಿ, ಮುಖದಲ್ಲಿ ಏನನ್ನೂ ತೋರಿಸದೆ ಮುಂದೆ ಹೋಗುತ್ತಾರೆ. ಮೊದಲು ಕೂಗಿ ಹರಾಜು ಮಾಡುತ್ತಿದ್ದರು, ಈಗ ಬೆಲೆ ಮೊಬೈಲಿನಲ್ಲಿ ಏರುತ್ತದೆ. ಹಾಗಾಗಿ ಅಷ್ಟು ಜನ ಸೇರಿದ ಕಡೆಯೂ ಒಂದು ಬಗೆಯ ಪಿಸುಮಾತಿನ ಮೌನವಿರುತ್ತದೆ. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಬೆರಳುಗಾತ್ರದ ಆ ಗೂಡನ್ನು ಅಂಗೈಯಲ್ಲಿಟ್ಟುಕೊಂಡು ಈ ಲೆಕ್ಕ ಹಾಕಿ ನೋಡಿ. ವಾಸನೆ ಮಾತ್ರ ಸಹಿಸಬೇಕು, ತಿಂಡಿ ತಿಂದ ತಕ್ಷಣ ಹೋಗದಿರುವುದು ಕ್ಷೇಮ.

ಈ ಊರಿಗೆ ಹೆಸರು ಬದಲಾಯಿಸುವ ಯೋಗವಿದೆ ಎಂದು ಕಾಣುತ್ತದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ನೆನಪಿಗೆ ಇದು ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು. ಆಮೇಲೆ ರಾಮನಗರವಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವೆಂದಾಯಿತು. ಗೂಡು ಮಾರುವವರು ಮಾತ್ರ ಎಲ್ಲ ಹೆಸರುಗಳಲ್ಲೂ ಅದೇ ಚೀಲ ಹೊತ್ತು ಬರುತ್ತಿದ್ದಾರೆ.

ಅಲ್ಲಿಂದ ಸ್ವಲ್ಪ ಮುಂದೆ ರಸ್ತೆಗೆ ಅಂಟಿಕೊಂಡೇ ಜಾನಪದ ಲೋಕವಿದೆ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಹಳ್ಳಿಹಳ್ಳಿ ತಿರುಗಿ ಹಾಡು, ಕತೆ, ಪಾತ್ರೆ, ಪಗಡೆ, ಒನಕೆ, ಬೀಸುವ ಕಲ್ಲು ಎಲ್ಲವನ್ನೂ ಕೂಡಿಹಾಕಿ ಹದಿನೈದು ಎಕರೆಯಲ್ಲಿ ಇದನ್ನು ಕಟ್ಟಿದರು. ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿದ್ದೇವೆ ಎಂದು ಬಿಡಬೇಡಿ. ನಮ್ಮ ಅಜ್ಜಿಯ ಮನೆಯಲ್ಲಿ ಧೂಳು ಹಿಡಿದಿದ್ದ ವಸ್ತು ಅಲ್ಲಿ ಚೀಟಿ ಅಂಟಿಸಿಕೊಂಡು ನಿಂತಿರುವುದನ್ನು ನಲವತ್ತರ ವಯಸ್ಸಿನಲ್ಲಿ ನೋಡುವುದೇ ಬೇರೆ.

ನಿಮ್ಮ ಯಜಮಾನರಿಗೆ ಚನ್ನಪಟ್ಟಣ. ಬೊಂಬೆ ಕೊಳ್ಳುವುದಾದರೆ ರಸ್ತೆ ಬದಿಯ ಯಾವ ಅಂಗಡಿಯಾದರೂ ಸರಿ. ಬೈಪಾಸ್ ಬಂದ ಮೇಲೆ ಅವರ ವ್ಯಾಪಾರ ಬಿದ್ದುಹೋಗಿದೆ, ಚೌಕಾಸಿ ಕಡಿಮೆ ಮಾಡಿ. ಆದರೆ ಅಂಗಡಿಗಿಂತ ಅದರ ಹಿಂದಿನ ಬೀದಿಯಲ್ಲಿರುವ ಪಟ್ಟಡಿಯಲ್ಲಿ ನಿಲ್ಲಿ, ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಆಲೆ ಮರದ ತುಂಡು ಲೇತಿನ ಮೇಲೆ ಗಿರಗಿರನೆ ಸುತ್ತುತ್ತಿರುತ್ತದೆ. ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಗ ಅದು ಮಂಕಾಗಿಯೇ ಇರುತ್ತದೆ. ಬಳಿಕ ಒಣಗಿದ ತಾಳೆಗರಿಯ ಚೂರೊಂದನ್ನು ಅದೇ ಸುತ್ತುವ ಮರಕ್ಕೆ ಒತ್ತುತ್ತಾರೆ, ಹೊಳಪು ಒಮ್ಮೆಲೇ ಬರುತ್ತದೆ. ನಾನು ಆ ಒಂದು ಕ್ಷಣಕ್ಕಾಗಿ ಒಂದೇ ಮಧ್ಯಾಹ್ನ ಹದಿನಾಲ್ಕು ಬುಗುರಿ ತಯಾರಾಗುವುದನ್ನು ನೋಡಿದ್ದೇನೆ, ನನ್ನ ಶ್ರೀಮತಿ ಹದಿಮೂರನ್ನು ಸಹಿಸಿಕೊಂಡಿದ್ದಾರೆ.

ಊರು ದಾಟುತ್ತಿದ್ದಂತೆ ದೊಡ್ಡಮಳೂರಿನಲ್ಲಿ ಅಪ್ರಮೇಯಸ್ವಾಮಿ ದೇವಾಲಯ ಸಿಗುತ್ತದೆ. ಅಲ್ಲಿ ಅಂಬೆಗಾಲಿಡುವ ಕೃಷ್ಣನಿದ್ದಾನೆ, ಕೈಯಲ್ಲಿ ಬೆಣ್ಣೆಯಿದೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ಗಂಡಹೆಂಡಿರಿಬ್ಬರೇ ಹೋದರೆ ಯಾರಾದರೊಬ್ಬರು ಅದೇ ಪ್ರಶ್ನೆ ಕೇಳಿಯೇ ಕೇಳುತ್ತಾರೆಂಬುದನ್ನು ಮೊದಲೇ ತಿಳಿಸಿರುತ್ತೇನೆ. ಅಲ್ಲಿಂದ ಮುಂದೆ ಮಧ್ಯಾಹ್ನದ ಊಟ ಮುಗಿಸಿಕೊಂಡು ಕೊಕ್ಕರೆಬೆಳ್ಳೂರಿಗೆ ಹೊರಳಿ.

ಉತ್ತರ 2: ಶಿಂಷೆಯ ಕಡೆಯವಳು

ಮೇಲಿನ ಹಿರಿಯರ ಮಾತಿಗೆ ಒಂದೇ ತಿದ್ದುಪಡಿ. ಮಧ್ಯಾಹ್ನದ ಊಟದ ಕೂಡಲೇ ಕೊಕ್ಕರೆಬೆಳ್ಳೂರಿಗೆ ಹೋಗಬೇಡಿ. ಫೆಬ್ರವರಿಯ ಎರಡು ಗಂಟೆಯ ಬಿಸಿಲಿನಲ್ಲಿ ಹೋದರೆ ಮರದ ಮೇಲೆ ಬೆಳ್ಳಗಿನ ಮೂಟೆಗಳು ಕೂತಂತೆ ಕಾಣುತ್ತದೆ, ಅಷ್ಟೆ. ನಾಲ್ಕು ಗಂಟೆಯ ಮೇಲೆ ಹೋಗಿ, ಇಲ್ಲವೇ ಬೆಳಗಿನ ಹೊತ್ತು ಹೋಗಿ. ಮೀನು ಹಿಡಿಯಲು ಹೋದ ದೊಡ್ಡ ಹಕ್ಕಿಗಳು ಮರಳುವುದನ್ನು ನೋಡಬೇಕು.

ನನ್ನ ತವರು ಅದೇ ಮದ್ದೂರು ತಾಲ್ಲೂಕಿನ ಇನ್ನೊಂದು ಹಳ್ಳಿ. ಚನ್ನಪಟ್ಟಣ ದಾಟಿ ಮದ್ದೂರಿಗೆ ಹೋಗುವಾಗ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿದರೆ ಹನ್ನೆರಡು ಕಿಲೋಮೀಟರಿನ ಆಸುಪಾಸಿನಲ್ಲಿ ಊರು ಸಿಗುತ್ತದೆ. ಅಭಯಾರಣ್ಯ, ಬೇಲಿ, ದೋಣಿ ಎಂದೆಲ್ಲ ಕಲ್ಪಿಸಿಕೊಂಡು ಹೋದವರಿಗೆ ನಿರಾಸೆಯಾಗಬಹುದು, ಏಕೆಂದರೆ ಅದು ಬರೀ ಒಂದು ಹಳ್ಳಿ. ಹಾಲಿನ ಡೇರಿ, ತಿಪ್ಪೆ, ಹುಲ್ಲಿನ ಮೆದೆ, ಅಂಗಳದಲ್ಲಿ ರಾಗಿ ಹರವಿದ ಅಜ್ಜಿ. ಅಜ್ಜಿಯ ತಲೆಯ ಮೇಲಿನ ಹುಣಸೆಮರದಲ್ಲಿ ಹೆಜ್ಜಾರ್ಲೆಯ, ಅಂದರೆ ಪೆಲಿಕನ್ ಹಕ್ಕಿಯ ಗೂಡು. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು. ಹೆಜ್ಜಾರ್ಲೆಯ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಕುತ್ತಿಗೆಯವರೆಗೂ ತಲೆ ತೂರಿಸಿ ಮೀನು ತಿನ್ನುವುದನ್ನು ಮೊದಲ ಬಾರಿ ನೋಡಿದವರು ತಾಯಿಯೇ ಮರಿಯನ್ನು ನುಂಗುತ್ತಿದೆಯೆಂದು ಗಾಬರಿಯಾಗುತ್ತಾರೆ. ರೆಕ್ಕೆಯ ಬೀಸು ತಲೆಯ ಮೇಲೆ ಹಾದುಹೋದಾಗ ಯಾರೋ ಕಂಬಳಿ ಕೊಡವಿದಂತೆ ಸದ್ದಾಗುತ್ತದೆ.

ಈ ಹಕ್ಕಿಗಳನ್ನು ಜೆರ್ಡನ್ ಎಂಬ ಪಕ್ಷಿಶಾಸ್ತ್ರಜ್ಞ 1853ರಷ್ಟು ಹಿಂದೆಯೇ ದಾಖಲಿಸಿದ್ದಾನೆ. ಆಮೇಲೆ ಪ್ಲೇಗು ಬಂದು ಊರಿನವರು ಶಿಂಷಾ ದಡದ ಹಳೆಯ ಜಾಗ ಬಿಟ್ಟು ಈಗಿನ ಜಾಗಕ್ಕೆ ಬಂದರಂತೆ, ಹಕ್ಕಿಗಳೂ ಅವರ ಹಿಂದೆಯೇ ಬಂದವಂತೆ. ಹೆರಿಗೆಗೆ ತವರಿಗೆ ಬರುವ ಮಗಳ ಹಾಗೆ ಎಂದು ಅಲ್ಲಿನವರು ಹೇಳುವುದನ್ನು ಪತ್ರಿಕೆಯವರು ಎಷ್ಟೋ ಸಲ ಬರೆದು ಸವೆಸಿದ್ದಾರೆ. ಆದರೂ ಆ ಮಾತಿನಲ್ಲಿ ಲೆಕ್ಕಾಚಾರವೂ ಇದೆ: ಹಿಕ್ಕೆ ಬೆರೆತ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ, ಮರ ಕಡಿಯದೆ ಹುಣಸೆಯ ಫಸಲು ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆಯ ಪರಿಹಾರವೂ ಉಂಟು. 2007ರಿಂದ ಅದು ಸಮುದಾಯ ಮೀಸಲು ಪ್ರದೇಶ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಹೆಜ್ಜಾರ್ಲೆ ಬಳಗದವರು ಊರಿನಲ್ಲೇ ಇದ್ದಾರೆ. ಅವರಲ್ಲಿ ಯಾರಾದರೂ ಸಿಕ್ಕರೆ ಕ್ಯಾಮೆರಾ ಚೀಲದೊಳಗಿಟ್ಟು ಅರ್ಧ ಗಂಟೆ ಮಾತಾಡಿ.

ಮರದ ಕೆಳಗೆ ಬೈಕು ನಿಲ್ಲಿಸಬೇಡಿ. ನೀವೂ ನಿಲ್ಲಬೇಡಿ. ಹಾರ್ನ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಅಂಗಳಕ್ಕೆ ಕಾಲಿಡುವ ಮುನ್ನ ಕೇಳಿ, ಏಕೆಂದರೆ ನೀವು ನಿಂತಿರುವುದು ಹಕ್ಕಿಧಾಮದಲ್ಲಲ್ಲ, ಒಬ್ಬರ ಮನೆಯ ಮುಂದೆ.

ಮದ್ದೂರು ವಡೆಯ ಬಗ್ಗೆ ನಾನು ಹೇಳುವುದೇನಿದೆ. ರೈಲು ನಿಲ್ದಾಣದಲ್ಲಿ 1917ರ ಸುಮಾರಿಗೆ ಒಬ್ಬರು ಪಕೋಡ ಕರಿಯುವಷ್ಟು ಪುರುಸೊತ್ತಿಲ್ಲದೆ, ಅದೇ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟು ಇದನ್ನು ಕಂಡುಹಿಡಿದರೆಂದು ಕತೆಯಿದೆ. ನಿಜವೋ ಸುಳ್ಳೋ, ಅವಸರದಲ್ಲಿ ಹುಟ್ಟಿದ ತಿಂಡಿಯನ್ನು ನಿಧಾನವಾಗಿ ತಿನ್ನಿ. ಈರುಳ್ಳಿ ಅಂಚಿನಲ್ಲಿ ಕಪ್ಪಾಗಿರಬೇಕು, ಮುರಿದರೆ ಸದ್ದಾಗಬೇಕು. ಮದ್ದೂರಿನ ಬಳಿ ಹೆದ್ದಾರಿ ಪಕ್ಕದಲ್ಲೇ ಶಿವಪುರದ ಸತ್ಯಾಗ್ರಹ ಸೌಧವಿದೆ. 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದ ಜಾಗ ಅದು. ಲಕ್ಷಾಂತರ ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ಒಳಗೆ ಹೋದವರನ್ನು ನಾನು ಕಂಡಿದ್ದು ಕಡಿಮೆ.

ಮರುಪ್ರಶ್ನೆ: ದಾರಿಹೋಕಳು

ಇಬ್ಬರಿಗೂ ಧನ್ಯವಾದಗಳು. ತೊಟ್ಟಿಲಿನ ಪ್ರಶ್ನೆಗೆ ನಮ್ಮ ಬಳಿ ಒಂಬತ್ತು ವರ್ಷದಿಂದ ಪಳಗಿದ ಉತ್ತರವಿದೆ, ಚಿಂತೆಯಿಲ್ಲ. ಹೆಜ್ಜಾರ್ಲೆಗಾಗಿ ಸಂಜೆಯವರೆಗೆ ನಿಂತರೆ ರಾತ್ರಿ ಮಂಡ್ಯದಲ್ಲಿ ತಂಗಬೇಕಾಗುತ್ತದೆ. ಹಾಗಾದರೆ ಭಾನುವಾರ ಮಂಡ್ಯದಿಂದ ಶ್ರೀರಂಗಪಟ್ಟಣದವರೆಗೆ ಏನಿದೆ? ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಾಲಯ, ಗುಂಬಜ್, ಸಂಗಮ, ರಂಗನತಿಟ್ಟು ನೋಡಿದ್ದೇವೆ. ಉಳಿದದ್ದೇನಾದರೂ ಇದೆಯೇ?

ಉತ್ತರ 3: ದ್ವೀಪವಾಸಿ

ನೀವು ನೋಡಿರುವುದು ಟೂರಿಸ್ಟ್ ಬಸ್ಸಿನವರು ತೋರಿಸುವ ಶ್ರೀರಂಗಪಟ್ಟಣ. ಉಳಿದದ್ದೇ ಹೆಚ್ಚು.

ನಿಮ್ಮ ಯಜಮಾನರನ್ನು ಮೊದಲು ರೈಲು ನಿಲ್ದಾಣದ ಬಳಿ ಕರೆತನ್ನಿ. ಅಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿದೆ. ಇಟ್ಟಿಗೆ ಗಾರೆಯ, ನೋಡಲು ಅಂಥ ಚಂದವೇನೂ ಇಲ್ಲದ ಗಟ್ಟಿ ಕಟ್ಟಡ. ಅದರ ವಿಶೇಷವೆಂದರೆ ಅದು ಕಟ್ಟಿದ ಜಾಗದಲ್ಲಿ ಇಲ್ಲ. ಬೆಂಗಳೂರು–ಮೈಸೂರು ಜೋಡಿ ಹಳಿಯ ಕೆಲಸ ಇಲ್ಲಿಗೆ ಬಂದಾಗ ಹಳಿ ಹೋಗಬೇಕಾದ ದಾರಿಗೆ ಸರಿಯಾಗಿ ಈ ಕಟ್ಟಡ ಕೂತಿತ್ತು. ಒಡೆಯುವಂತಿಲ್ಲ, ಹಳಿಯನ್ನು ಬಾಗಿಸುವಂತಿಲ್ಲ. ವರ್ಷಗಟ್ಟಲೆ ಕೆಲಸ ನಿಂತಿತು. ಕೊನೆಗೆ 2017ರಲ್ಲಿ ಕಟ್ಟಡದ ಬುಡಕ್ಕೆ ಉಕ್ಕಿನ ತೊಲೆಗಳನ್ನು ಕೊಟ್ಟು, ಜ್ಯಾಕ್‌ಗಳಿಂದ ಇಡಿಯಾಗಿ ಎತ್ತಿ, ಮೆಲ್ಲಗೆ ಜಾರಿಸುತ್ತ ನೂರು ಮೀಟರಿಗೂ ಹೆಚ್ಚು ದೂರ ಸಾಗಿಸಿ ಹೊಸ ಜಾಗದಲ್ಲಿ ಕೂರಿಸಿದರು. ಆ ದಿನಗಳಲ್ಲಿ ನಾವು ಊರಿನವರು ಕೆಲಸ ಬಿಟ್ಟು ಹೋಗಿ ನಿಲ್ಲುತ್ತಿದ್ದೆವು. ಕಟ್ಟಡ ಚಲಿಸುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಹಿಂದಿನ ಮರವೊಂದನ್ನು ಗುರುತು ಹಿಡಿದು ಕಣ್ಣು ಕಿರಿದು ಮಾಡಿ ನೋಡಬೇಕಾಗಿತ್ತು. ಇವತ್ತು ಅದರ ಪಕ್ಕದಲ್ಲೇ ರೈಲು ಓಡುತ್ತದೆ, ನೋಡಿದವರಿಗೆ ಅದು ಎಂದಿನಿಂದಲೂ ಅಲ್ಲೇ ಇದ್ದಂತಿದೆ.

ಎರಡನೆಯದು ಒಂದು ಜೋಡಿ ನಿಲುಗಡೆ. ಎರಡನ್ನೂ ಒಂದರ ಹಿಂದೊಂದು ನೋಡಿದರೆ ಮಾತ್ರ ಸ್ವಾರಸ್ಯ. ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಹೆಚ್ಚಿನವರು ಕುದುರೆ, ಆನೆ, ಟಿಪ್ಪು ಎಂದು ನೋಡಿ ಹೊರಬರುತ್ತಾರೆ. ನೀವು ಬ್ರಿಟಿಷ್ ಸೈನ್ಯದ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕೂತಿರುವ ಕರ್ನಲ್ ಬೈಲಿಯನ್ನು ಹುಡುಕಿ. ಸುತ್ತ ಎಲ್ಲವೂ ಕುಸಿಯುತ್ತಿದೆ, ಮದ್ದಿನ ಬಂಡಿ ಸಿಡಿಯುತ್ತಿದೆ, ಅವನು ಸುಮ್ಮನೆ ಕೂತಿದ್ದಾನೆ. ಆಮೇಲೆ ಕೋಟೆಯೊಳಗೆ ಹೋಗಿ, ಹೊಳೆಯ ಬದಿಯಲ್ಲಿ ಅವನ ಹೆಸರಿನಲ್ಲೇ ಉಳಿದಿರುವ ಬಂದೀಖಾನೆಗೆ ಇಳಿಯಿರಿ. ಆ ಯುದ್ಧದಲ್ಲಿ ಸೆರೆಸಿಕ್ಕ ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಬೆಳ್ಳಗೆ ಸುಣ್ಣ ಬಳಿದ ಕಮಾನುಗಳು, ಕೈದಿಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದ ಕಲ್ಲುಗಳು, ನಡುವೆ ನೆಲದ ಮೇಲೆ ಒಂದು ತೋಪು. ಆ ತೋಪನ್ನು ಯಾರೂ ಅಲ್ಲಿ ಇಟ್ಟದ್ದಲ್ಲ. 1799ರ ಮುತ್ತಿಗೆಯಲ್ಲಿ ಮೇಲಿನಿಂದ ಚಾವಣಿ ಒಡೆದುಕೊಂಡು ಬಿತ್ತೆನ್ನುತ್ತಾರೆ. ಚಿತ್ರದಲ್ಲಿ ಪಲ್ಲಕ್ಕಿ, ಇಲ್ಲಿ ಸರಪಳಿ. ಬೈಕಿನಲ್ಲಿ ಹತ್ತು ನಿಮಿಷದ ದಾರಿ.

ಮೂರನೆಯದು ಹೊಳೆಯ ಪಕ್ಕದ ಗ್ಯಾರಿಸನ್ ಸ್ಮಶಾನ. ವಾರಾಂತ್ಯಕ್ಕೆ ಹೊರಟ ಜೋಡಿಗೆ ಸ್ಮಶಾನ ತೋರಿಸುವುದೇ ಎಂದು ನನ್ನ ಮನೆಯವರೇ ಆಕ್ಷೇಪಿಸುತ್ತಿದ್ದಾರೆ. ಆದರೆ "ಇದೇಕೆ ಇಲ್ಲಿದೆ" ಎಂಬ ನಿಮ್ಮ ಪ್ರಶ್ನೆಗೆ ಇಷ್ಟು ಪಕ್ಕಾ ಉತ್ತರ ಇನ್ನೊಂದಿಲ್ಲ. ಮುನ್ನೂರಕ್ಕೂ ಹೆಚ್ಚು ಗೋರಿಗಳಿರುವ ಅಲ್ಲಿ ಮಲಗಿರುವವರಲ್ಲಿ ಅನೇಕರು ಡಿ ಮ್ಯೂರಾನ್ ಪಡೆಯವರು ಮತ್ತು ಅವರ ಕುಟುಂಬದವರು. ಅದು ಸ್ವಿಟ್ಜರ್ಲೆಂಡಿನಲ್ಲಿ ಕಟ್ಟಿದ ಕೂಲಿ ಸೈನ್ಯ. ಮೊದಲು ಡಚ್ಚರ ಕಂಪನಿಗಾಗಿ ಸಿಲೋನಿನಲ್ಲಿದ್ದು, 1795ರಲ್ಲಿ ಬ್ರಿಟಿಷರ ಕಡೆಗೆ ಹೊರಳಿ, 1799ರಲ್ಲಿ ಟಿಪ್ಪುವಿನ ಮೇಲೆ ಬಂದ ದಂಡಿನಲ್ಲಿತ್ತು. ಹಿಮದ ನಾಡಿನಿಂದ ಹೊರಟವರು ಕಾವೇರಿಯ ದಡದಲ್ಲಿ ಜ್ವರ ಬಂದು ಮಲಗಿದ್ದಾರೆ. ಅನೇಕ ವರ್ಷ ಮುಳ್ಳುಕಂಟಿ ಬೆಳೆದು ಹಾಳಾಗಿದ್ದ ಜಾಗವನ್ನು ಪಡೆಗೆ ಹೆಸರು ಕೊಟ್ಟ ಡಿ ಮ್ಯೂರಾನ್ ಮನೆತನದ ವಂಶಸ್ಥರೇ ಬಂದು ದುರಸ್ತಿ ಮಾಡಿಸಿದರು. ಕಲ್ಲಿನ ಮೇಲಿನ ಬರಹಗಳನ್ನು ಓದುತ್ತ ಹೋದರೆ ಎಳೆಯ ಮಕ್ಕಳ ಗೋರಿಗಳು ಎದುರಾಗುತ್ತವೆ. ಅಲ್ಲಿ ಮಾತು ತಾನಾಗಿಯೇ ನಿಲ್ಲುತ್ತದೆ. ಹತ್ತಿರದಲ್ಲೇ ಸ್ಕಾಟ್ ಬಂಗಲೆ ಎಂಬ ಪಾಳುಮನೆ ಇದೆ. ಹೆಂಡತಿ ಮಕ್ಕಳನ್ನು ಒಟ್ಟಿಗೆ ಕಳೆದುಕೊಂಡ ಕರ್ನಲ್ ಸ್ಕಾಟ್ ಹೊಳೆಗೆ ಇಳಿದುಹೋದನೆಂದು ಊರಿನ ಕತೆ. ಸಂಜೆ ಮೇಲೆ ಹೋಗಬೇಡಿ ಎಂದರೆ ದೆವ್ವದ ಭಯಕ್ಕಲ್ಲ, ಹಾವಿನ ಭಯಕ್ಕೆ.

ಕೊನೆಗೆ ಹೊಳೆಯ ಮೇಲಿನ ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ್ದು. ಕಮಾನಿಲ್ಲ, ಕಬ್ಬಿಣವಿಲ್ಲ, ಕಲ್ಲುಕಂಬದ ಮೇಲೆ ಕಲ್ಲುತೊಲೆ, ಅದರ ಮೇಲೆ ಚಪ್ಪಡಿ. ದೇವಸ್ಥಾನ ಕಟ್ಟುವವರು ಸೇತುವೆ ಕಟ್ಟಿದರೆ ಹೇಗಿರುತ್ತದೋ ಹಾಗಿದೆ. ಎರಡು ಶತಮಾನದ ಪ್ರವಾಹಗಳು ಅದರ ಮೇಲೆ ಹರಿದುಹೋಗಿವೆ.

ರಾತ್ರಿ ಉಳಿಯುವುದಾದರೆ ಹೊಳೆಯ ದಡದಲ್ಲೇ ಪ್ರವಾಸೋದ್ಯಮ ನಿಗಮದ ಮಯೂರ ರಿವರ್ ವ್ಯೂ ಇದೆ, ಮುಂಗಡ ಕಾದಿರಿಸಿಕೊಳ್ಳಿ.

ಉತ್ತರ 4: ನಿಧಾನವೇ ಪ್ರಧಾನ

ಮೇಲಿನ ಮೂವರೂ ಬರೆದದ್ದು ಒಳ್ಳೆಯ ಮಾಹಿತಿಯೇ, ಆದರೆ ಎಲ್ಲವನ್ನೂ ಎರಡು ದಿನದಲ್ಲಿ ತುಂಬಿದರೆ ನೀವು ಬಿಟ್ಟುಬಂದ ಹೆದ್ದಾರಿಯನ್ನೇ ಹಳೇ ರಸ್ತೆಯ ಮೇಲೆ ಹಾಸಿಕೊಂಡಂತಾಗುತ್ತದೆ. ದಿನಕ್ಕೆ ಮೂರು ನಿಲುಗಡೆ ಸಾಕು. ನನ್ನ ಕೈಗೆ ಕತ್ತರಿ ಕೊಟ್ಟರೆ ಜಾನಪದ ಲೋಕವನ್ನು ಇನ್ನೊಂದು ದಿನಕ್ಕೆ ತಳ್ಳುತ್ತೇನೆ. ಅದಕ್ಕೆ ಅರ್ಧ ದಿನವೇ ಬೇಕು.

ಬಿಟ್ಟುಹೋಗಿರುವ ಒಂದು ಸಂಗತಿಯೆಂದರೆ ಆಲೆಮನೆ. ಮಂಡ್ಯದ ಸುತ್ತ ಹೊಗೆ ಕಂಡ ಕಡೆ ಗಾಡಿ ತಿರುಗಿಸಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಕೆಳಗೆ ಒಣಗಿದ ಕಬ್ಬಿನ ರಚ್ಚೇ ಉರುವಲು. ಪಾಕ ಹದಕ್ಕೆ ಬಂದು ದೋಣಿಗೆ ಸುರಿಯುವ ಹೊತ್ತಿಗೆ ಸರಿಯಾಗಿ ಹೋದರೆ ಬಿಸಿಬೆಲ್ಲವನ್ನು ಕಬ್ಬಿನ ಸಿಪ್ಪೆಯ ಮೇಲೆ ಸವರಿ ಕೊಡುತ್ತಾರೆ. ದುಡ್ಡು ಕೊಡಲು ಹೋದರೆ ಬೇಸರ ಮಾಡಿಕೊಳ್ಳುವವರೂ ಇದ್ದಾರೆ, ಅದರ ಬದಲು ಎರಡು ಕಿಲೋ ಅಚ್ಚುಬೆಲ್ಲ ಕೊಂಡುಬಿಡಿ. ಎಲ್ಲಿಯೆಂದು ಹೆಸರಿಸಲಾರೆ, ಒಂದು ವಾರ ಉರಿಯುತ್ತಿದ್ದ ಒಲೆ ಮುಂದಿನ ವಾರ ಆರಿರುತ್ತದೆ. ಮಂಡ್ಯಕ್ಕೆ ಮುಂಚೆ ರಸ್ತೆ ಬದಿಯ ಹೊಸಬೂದನೂರಿನಲ್ಲಿ ಹೊಯ್ಸಳರ ಕಾಲದ ಎರಡು ಪುಟ್ಟ ಗುಡಿಗಳಿವೆ, ಜನವಿಲ್ಲ. ಒಳದಾರಿಗೆ ಮನಸ್ಸಿದ್ದರೆ ಬಸರಾಳಿನ ಮಲ್ಲಿಕಾರ್ಜುನ ದೇವಾಲಯ, 1234ರದ್ದು. ಬೇಲೂರಿನಲ್ಲಿ ನೂಕುನುಗ್ಗಲಿನ ನಡುವೆ ನೋಡಿದ ಕೆತ್ತನೆಯನ್ನು ಇಲ್ಲಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಬಹುದು.

ರಸ್ತೆಯ ಬಗ್ಗೆ ಯಾರೂ ಹೇಳಲಿಲ್ಲ. ಬೈಪಾಸ್ ಇರುವ ಕಡೆ ಬಹುಮಟ್ಟಿಗೆ ಸರ್ವಿಸ್ ರಸ್ತೆ ಇರುವುದಿಲ್ಲ, ಊರೊಳಗಿನ ಹಳೇ ರಸ್ತೆಯೇ ಗತಿ. ಉಳಿದ ಕಡೆ ಬೇಲಿಯ ಹೊರಗಿನ ಸರ್ವಿಸ್ ರಸ್ತೆ. ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರುಗಳು, ಕಬ್ಬಿನ ಗಾಡಿಗಳು, ಬಣ್ಣವಿಲ್ಲದ ಉಬ್ಬುಗಳು ಅಲ್ಲಿ ಸಾಮಾನ್ಯ. ಕತ್ತಲಾದ ಮೇಲೆ ಓಡಿಸದಿರುವುದೇ ಸರಿ. ಕೊಕ್ಕರೆಬೆಳ್ಳೂರಿನಿಂದ ಆರು ಗಂಟೆಗೆ ಹೊರಟರೂ ಮಂಡ್ಯ ತಲುಪುವಾಗ ರಾತ್ರಿಯಾಗಿರುತ್ತದೆ, ಮದ್ದೂರಿನಲ್ಲೇ ಉಳಿದುಕೊಳ್ಳಿ. ಇಬ್ಬರ ಗುರುತಿನ ಚೀಟಿಯೂ ಜೊತೆಗಿರಲಿ. ನಮ್ಮಿಬ್ಬರ ಹೆಸರಿನ ಬಾಲ ಹೊಂದುವುದಿಲ್ಲವೆಂದು ಆ ಕಡೆಯ ಒಂದು ವಸತಿಗೃಹದಲ್ಲಿ ಮದುವೆಯ ಪುರಾವೆ ಕೇಳಿ ಮುಕ್ಕಾಲು ಗಂಟೆ ನಿಲ್ಲಿಸಿದ್ದರು. ಮೊಬೈಲಿನಲ್ಲಿ ಮದುವೆಯ ಫೋಟೋ ತೋರಿಸಿದರೆ ಅದರಲ್ಲಿ ನನಗಿದ್ದ ಕೂದಲು ಈಗಿಲ್ಲದ ಕಾರಣ ಅವರಿಗೆ ಇನ್ನೂ ಅನುಮಾನ ಬಂತು.

ಮರಳಿ ಬಂದು: ದಾರಿಹೋಕಳು

ಕಳೆದ ವಾರ ಹೋಗಿ ಬಂದೆವು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ.

ಲೆಕ್ಕ ತಪ್ಪಿದ್ದು ಚನ್ನಪಟ್ಟಣದಲ್ಲಿ. ರಾಮನಗರದ ಮಾರುಕಟ್ಟೆಯನ್ನು ನಾನು ಮೂಗು ಮುಚ್ಚಿಕೊಂಡು ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆ, ಅವರೂ ಒಪ್ಪಿದರು. ಆದರೆ ಲೇತಿನ ಮುಂದೆ ಕೂತವರು ಏಳಲೇ ಇಲ್ಲ. ಕುಶಲಕರ್ಮಿ ಕೊನೆಗೆ ಇವರ ಕೈಗೇ ಅರಗಿನ ಕಡ್ಡಿ ಕೊಟ್ಟರು. ಇವರು ಒತ್ತಿದ ರಭಸಕ್ಕೆ ಹಸಿರು ಬಣ್ಣ ಒಂದು ಕಡೆ ಗಡ್ಡೆಯಾಗಿ ನಿಂತಿತು. ಆ ಗಡ್ಡೆಯಿರುವ ಬುಗುರಿಯನ್ನು ಅವರು ದುಡ್ಡು ತೆಗೆದುಕೊಳ್ಳದೆ ಕೊಟ್ಟಿದ್ದಾರೆ. ಅದು ತಿರುಗುವಾಗ ಒಂದು ಬದಿಗೆ ಕುಂಟುತ್ತದೆ. ಮಳೂರಿಗೆ ಹೋಗಲಾಗಲಿಲ್ಲ.

ಕೊಕ್ಕರೆಬೆಳ್ಳೂರಿಗೆ ನಾಲ್ಕೂವರೆಗೆ ತಲುಪಿದೆವು. ಶಿಂಷೆಯ ಕಡೆಯವರು ಹೇಳಿದ ಕಂಬಳಿ ಕೊಡವಿದ ಸದ್ದು ನಿಜ. ಮರದ ಕೆಳಗೆ ನಿಲ್ಲಬೇಡಿ ಎಂದ ಮಾತನ್ನು ನಾನು ಪಾಲಿಸಿದೆ, ಅವರು ಪಾಲಿಸಲಿಲ್ಲ. ಜಾಕೆಟ್ ತೊಳೆಯಲು ಒಬ್ಬ ಅಜ್ಜಿ ಬಿಂದಿಗೆ ನೀರು ಕೊಟ್ಟರು. ರಾತ್ರಿ ಮದ್ದೂರಿನಲ್ಲೇ ಉಳಿದೆವು. ಭಾನುವಾರ ಬೆಳಿಗ್ಗೆ ಹೊಗೆಯನ್ನು ಹಿಂಬಾಲಿಸಿ ಮೂರು ಕಡೆ ತಿರುಗಿದೆವು. ಮೊದಲನೆಯ ಕಡೆ ಕಸಕ್ಕೆ ಬೆಂಕಿ ಇಟ್ಟಿದ್ದರು, ಎರಡನೆಯದು ಇಟ್ಟಿಗೆ ಗೂಡು, ಮೂರನೆಯದು ಆಲೆಮನೆ. ಬೆಲ್ಲದ ಅಚ್ಚುಗಳನ್ನು ಹಿಂದೆ ಕಟ್ಟಿಕೊಂಡು ಹೊರಟ ಮೇಲೆ ದಾರಿಯುದ್ದಕ್ಕೂ ನೊಣಗಳು ಜೊತೆಗಿದ್ದವು.

ಶ್ರೀರಂಗಪಟ್ಟಣದಲ್ಲಿ ಮದ್ದಿನ ಮನೆ, ಬೈಲಿಯ ಪಲ್ಲಕ್ಕಿ, ಬೈಲಿಯ ಸೆರೆಮನೆ, ಈ ಮೂರನ್ನೇ ನೋಡಿದೆವು. ಸ್ಮಶಾನವನ್ನು ಮುಂದಿನ ಸಲಕ್ಕೆ ಉಳಿಸಿಕೊಂಡಿದ್ದೇವೆ. ಕೊನೆಯ ಒಂದು ಗಂಟೆ ಹಳೆಯ ಸೇತುವೆಯ ದಡದಲ್ಲಿ ಕೂತು ಒಂದು ಸಾಲಿನ ಕಂಬಗಳನ್ನು ಎಣಿಸಿದೆವು. ಮೊದಲ ಸಲ ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಎರಡು ಕಂಬದ ವ್ಯತ್ಯಾಸ ಬಂತು, ಎರಡನೆಯ ಸಲ ಐದು. ಅತ್ತೆಯ ಮನೆ ತಲುಪಿದಾಗ ರಾತ್ರಿ ಎಂಟಾಗಿತ್ತು, ವಾದ ಇನ್ನೂ ಮುಗಿದಿರಲಿಲ್ಲ. ದ್ವೀಪವಾಸಿಗಳು ದಯವಿಟ್ಟು ಒಮ್ಮೆ ಹೋಗಿ ಎಣಿಸಿ ತಿಳಿಸಬೇಕಾಗಿ ವಿನಂತಿ.